ಉಪ್ಪಿನ ಗಾಳಿಯಲ್ಲಿ ಸಾಲದ ಮನೆ

(ಕಾರವಾರ ತಾಲೂಕಿನ ದೇವಬಾಗದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನನ್ನನ್ನು ಇಲ್ಲಿಗೆ ಕರೆದವರು ಬೆಲೆಯ ಬಗ್ಗೆ, ಸಾಲದ ಬಗ್ಗೆ ಮಾತಾಡಿ ಅಂದಿದ್ದರು. ಬರುವಾಗ ದಾರಿಯಲ್ಲಿ ನೋಡಿದೆ. ಸದಾಶಿವಗಡದಿಂದ ಇತ್ತ ತಿರುಗಿದ ಮೇಲೆ ಐದು ಕಡೆ ಹೊಸ ಮನೆಯ ಪಾಯ ತೋಡಿದ್ದಾರೆ. ಒಂದು ಕಡೆ ಚಿರೇಕಲ್ಲು ಇಳಿಸುತ್ತಿದ್ದರು. ಆಗಲೇ ತೀರ್ಮಾನ ಮಾಡಿದೆ, ಇವತ್ತು ಮನೆಯ ಮಾತೇ ಆಡಬೇಕು ಅಂತ. ಬೀಜ ಗೊಬ್ಬರಕ್ಕೆ ಮಾಡಿದ ಸಾಲ ಒಂದು ವರ್ಷ ಕಾಡುತ್ತದೆ, ಎರಡು ವರ್ಷ ಕಾಡುತ್ತದೆ. ಮನೆಗೆ ಮಾಡಿದ ಸಾಲ ಮಗನ ಕಾಲಕ್ಕೂ ದಾಟುತ್ತದೆ. ರೈತ ಸೊಸಾಯಿಟಿಗೆ ಯಾಕೆ ಬಾಕಿದಾರನಾದ ಅಂತ ಕೆದಕಿ ನೋಡಿದರೆ, ನಾನು ಕಂಡ ಹತ್ತರಲ್ಲಿ ನಾಲ್ಕು ಕಡೆ ಅಡಿಯಲ್ಲಿ ಸಿಗುವುದು ಒಂದು ಮದುವೆ, ಇಲ್ಲವೇ ಒಂದು ಮನೆ.

ಬೇರೆಯವರ ಕತೆ ಬೇಡ, ನನ್ನದೇ ಹೇಳ್ತೇನೆ. ನಾಚಿಕೆ ಬಿಟ್ಟು ಹೇಳ್ತೇನೆ.

ನಮ್ಮೂರು ಅಂಕೋಲೆ ತಾಲೂಕಿನಲ್ಲಿ, ಗಂಗಾವಳಿಯ ಅಳಿವೆಗೆ ಹತ್ತಿರ. ನಮ್ಮಪ್ಪ ಗೇಣಿದಾರ. 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಗದ್ದೆ ನಮ್ಮ ಹೆಸರಿಗಾಯಿತು. ಅದಕ್ಕೆ ಮೊದಲು ನಾವಿದ್ದದ್ದು ಸೋಗೆ ಹೊದಿಸಿದ ಮಣ್ಣಿನ ಗೋಡೆಯ ಮನೆ. ಧಣಿಯ ಜಾಗದಲ್ಲಿ ಇರುವವನು ಗಟ್ಟಿ ಮನೆ ಯಾವ ಧೈರ್ಯದ ಮೇಲೆ ಕಟ್ಟಬೇಕು? ಹಕ್ಕುಪತ್ರ ಕೈಗೆ ಬಂದ ಮೇಲೆ ಅಪ್ಪ ವರ್ಷಕ್ಕಿಷ್ಟು ಅಂತ ಕಲ್ಲು ಕೂಡಿಹಾಕಿದ. ಒಂದು ಬೇಸಿಗೆ ಪಾಯ, ಮರುಬೇಸಿಗೆ ಗೋಡೆ, ಅದರ ಮರುವರ್ಷ ಮಾಡು. 1979ರಲ್ಲಿ ಒಳಗೆ ಹೋದೆವು. ಮೂರು ಅಂಕಣ, ಮುಂದೆ ಜಗಲಿ, ಮೇಲೆ ಅಟ್ಟ, ಮಂಗಳೂರು ಹಂಚು. ಒಂದು ಪೈಸೆ ಸಾಲ ಇಲ್ಲ.

ಆ ಮನೆ ನನಗೆ ಸಣ್ಣದಾಗಿ ಕಂಡಿತು. 2004ರಲ್ಲಿ ನಾನು ಪಕ್ಕದ ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಹೊಸ ಮನೆ ಶುರು ಮಾಡಿದೆ. ಸ್ಲ್ಯಾಬಿನ ಮನೆ. ಅಂದಾಜು ನಾಲ್ಕೂವರೆ ಲಕ್ಷ. ಅಷ್ಟಕ್ಕೆ ದಾರಿ ಇತ್ತು, ಸ್ವಲ್ಪ ಕೈಯಲ್ಲಿ, ಉಳಿದದ್ದು ಬ್ಯಾಂಕಿನಲ್ಲಿ. ಮುಗಿಯುವಾಗ ಆದದ್ದು ಆರು ಲಕ್ಷದ ಎಂಬತ್ತು ಸಾವಿರ. ಹೆಚ್ಚಿಗೆ ಹೋದ ಎರಡು ಲಕ್ಷದ ಮೂವತ್ತು ಸಾವಿರ ಎಲ್ಲಿಂದ ಬಂತು? ಬೆಳೆಸಾಲ ಅಂತ ಎತ್ತಿದ ಐವತ್ತು ಸಾವಿರ, ಮನೆಯವಳ ಬಂಗಾರ ಇಟ್ಟು ಎಂಬತ್ತು ಸಾವಿರ, ಕೈಗಡ ಒಂದು ಲಕ್ಷ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಆ ಲಕ್ಷಕ್ಕೆ ಮೂರು ವರ್ಷ ತಿಂಗಳಿಗೆ ಮೂರು ಸಾವಿರ ಕಟ್ಟಿದೆ. ಒಂದು ಲಕ್ಷದ ಎಂಟು ಸಾವಿರ ಕೊಟ್ಟಾದ ಮೇಲೂ ಅಸಲು ಒಂದು ಲಕ್ಷ ಹಾಗೇ ಕೂತಿತ್ತು. ಕೊನೆಗೆ ಎಂಟು ಗುಂಟೆ ತೆಂಗಿನ ತೋಟ ಮಾರಿ ತೀರಿಸಿದೆ. ಅಪ್ಪ ನೆಟ್ಟ ತೆಂಗು. ಈಗ ಅದರ ಬೇಲಿಯ ಈಚೆ ಕಡೆ ನಿಂತು ನೋಡುತ್ತೇನೆ.

ಇನ್ನು ಆ ಹಣ ಎಲ್ಲಿಗೆ ಹೋಯಿತು ಅಂತ ಕೇಳಿ. ಎದುರಿಗೆ ನಾಲ್ಕು ದುಂಡು ಕಂಬದ ಪೋರ್ಟಿಕೋ. ಕಾರು ಇಲ್ಲ, ಪೋರ್ಟಿಕೋ ಇದೆ. ಜಾರುವ ಟೈಲ್ಸು. ರಸ್ತೆಗೆ ಕಾಣುವ ಬದಿಗೆ ಮಾತ್ರ ಪಾಗಾರ, ಅದಕ್ಕೊಂದು ಕಬ್ಬಿಣದ ಗೇಟು. ಉಳಿದ ಮೂರು ಬದಿಗೆ ಬೇಲಿ, ದನ ಅಲ್ಲಿಂದಲೇ ಬರುತ್ತದೆ. ಗೃಹಪ್ರವೇಶಕ್ಕೆ ಐನೂರು ಎಲೆ. ಉಣ್ಣಲು ಬಂದವರಲ್ಲಿ ಒಬ್ಬರೂ "ಪಾಯ ಎಷ್ಟು ಆಳ ತೆಗೆದಿ ತಮ್ಮಾ?" ಅಂತ ಕೇಳಲಿಲ್ಲ. ಎಲ್ಲರೂ ಕಂಬ ಮುಟ್ಟಿ ನೋಡಿದರು.

ಉಳಿಸಿದ್ದು ಎಲ್ಲಿ? ಅದನ್ನೂ ಕೇಳಿ. ತುಂಬಿದ ಮಣ್ಣು ಒಂದು ಮಳೆಗಾಲ ಕೂರಲಿ ಅಂತ ಹಿರಿಯರು ಹೇಳಿದ್ದರು, ಕಾಯಲಿಲ್ಲ. ಪಾಯವನ್ನು ಹಳೆಯ ಗಟ್ಟಿ ನೆಲದ ತನಕ ಇಳಿಸಬೇಕಿತ್ತು, ತುಂಬಿದ ಮಣ್ಣಿನಲ್ಲೇ ನಿಲ್ಲಿಸಿದೆ. ಪಂಚಾಂಗ ಎರಡೂವರೆ ಅಡಿ ಎತ್ತರ ಬೇಕಿತ್ತು, ಒಂದೇ ಅಡಿಗೆ ಮುಗಿಸಿದೆ. ಉಸುಕು ಅಳಿವೆಯದು, ಅಗ್ಗಕ್ಕೆ ಸಿಕ್ಕಿತು. ನಾಲಿಗೆಗೆ ಹಚ್ಚಿದರೆ ಉಪ್ಪು. ಸ್ಲ್ಯಾಬು ಹಾಕಿದ್ದು ಮೇ ತಿಂಗಳ ಕೊನೆಗೆ, ಬಾವಿಯಲ್ಲಿ ಕೊಡ ಮುಳುಗದಷ್ಟು ನೀರು. ಏಳು ದಿನವಾದರೂ ನಿಲ್ಲಿಸಬೇಕಾದ ನೀರನ್ನು ಮೂರು ದಿನ ಚಿಮುಕಿಸಿದೆವು. ಕಬ್ಬಿಣದ ಕೆಳಗೆ ಇಡಬೇಕಾದ ಸಿಮೆಂಟಿನ ಬಿಲ್ಲೆಗೆ ಬದಲು ಜಲ್ಲಿ ಚೂರು ಇಟ್ಟರು. ನಾನು ಅಲ್ಲೇ ನಿಂತಿದ್ದೆ. ಕೇಳಿದೆ ಕೂಡ. ಮೇಸ್ತ್ರಿ, "ಏನಾಗೂದಿಲ್ಲ ಅಣ್ಣಾ, ಒಳಗೆ ಯಾರು ನೋಡ್ತ್ರು?" ಅಂದ. ಸರಿ ಅಂದೆ. ತಪ್ಪು ಅವನದಲ್ಲ, ಆ ದಿನ ನನ್ನ ಮನಸ್ಸು ಟೈಲ್ಸಿನ ಅಂಗಡಿಯಲ್ಲಿತ್ತು.

2012ರ ಹೊತ್ತಿಗೆ ಸ್ಲ್ಯಾಬು ಸೋರತೊಡಗಿತು. ಸ್ಲ್ಯಾಬಿನ ಮೇಲೆ ಕಬ್ಬಿಣದ ಕೈಮರ ನಿಲ್ಲಿಸಿ ಶೀಟು ಹೊದಿಸಿದೆ, ಒಂದು ಲಕ್ಷದ ಎಂಬತ್ತು ಸಾವಿರ. ಒಂದು ಮನೆಗೆ ಎರಡು ಮಾಡು! ನಗಬೇಡಿ, ಇಲ್ಲಿ ಬರುವಾಗ ನಿಮ್ಮೂರಿನಲ್ಲೂ ಎಣಿಸಿಕೊಂಡು ಬಂದಿದ್ದೇನೆ. 2018ರ ಮಳೆಗಾಲದಲ್ಲಿ ಒಂದು ರಾತ್ರಿ ಒಳಕೋಣೆಯ ಬೀಮಿನಿಂದ ಅಂಗೈ ದಪ್ಪದ ಕಾಂಕ್ರೀಟಿನ ಹೆಂಟೆ ಕಳಚಿ ಬಿತ್ತು. ಅವ್ವ ಮಲಗಿದ್ದ ಚಾಪೆಯ ತಲೆಯ ಕಡೆ. ಅವಳು ನೀರು ಕುಡಿಯಲು ಎದ್ದಿದ್ದಳು, ಹಾಗಾಗಿ ಉಳಿದಳು. ಮರುದಿನ ಅವ್ವ ತನ್ನ ಚಾಪೆ ಸುತ್ತಿಕೊಂಡು ಹಳೇ ಮನೆಗೆ ಹೋದಳು. ಆಗ ಅದು ನಮ್ಮ ಕೊಟ್ಟಿಗೆ. ಒಂದು ಅಂಕಣ ತೊಳೆದು, ಸಗಣಿ ಸಾರಿಸಿ, ಅಲ್ಲೇ ಇದ್ದಳು. ತೀರಿಕೊಂಡದ್ದೂ ಅಲ್ಲೇ, ಹಂಚಿನ ಕೆಳಗೆ.

ಯಾಕೆ ಹೀಗಾಯಿತು ಅಂತ ನಾನು ಆಮೇಲೆ ತಿಳಿದವರ ಹತ್ತಿರ ಕೇಳಿ ಕಲಿತೆ. ಕಾಂಕ್ರೀಟು ಕಲ್ಲಿನ ಹಾಗೆ ಕಂಡರೂ ಅದರಲ್ಲಿ ಸಣ್ಣ ಸಣ್ಣ ತೂತು ಇರುತ್ತವೆ. ನೀರು ಹಿಡಿಸದೆ ಒಣಗಿಸಿದರೆ ಇನ್ನೂ ಹೆಚ್ಚು. ಕಡಲ ಗಾಳಿಯ ಉಪ್ಪು ಆ ತೂತಿನಿಂದ ಒಳಗಿಳಿದು ಕಬ್ಬಿಣ ಮುಟ್ಟುತ್ತದೆ. ನನ್ನ ಹಾಗೆ ಉಪ್ಪುಸುಕನ್ನೇ ಕಲಸಿದವರಿಗೆ ಹೊರಗಿನಿಂದ ಬರುವ ಕೆಲಸವೂ ಇಲ್ಲ, ಶತ್ರು ಒಳಗೇ ಕೂತಿದ್ದಾನೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದ ಕಬ್ಬಿಣ ಮೇಲಿನ ಕಾಂಕ್ರೀಟನ್ನು ಒಡೆದು ನೂಕುತ್ತದೆ. ಕಡಲ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿನಲ್ಲಿ ಕಬ್ಬಿಣದ ಹೊರಗೆ 45 ಮಿಲಿಮೀಟರು, ಅಂದರೆ ಎರಡು ಇಂಚಿಗೆ ಸ್ವಲ್ಪ ಕಡಿಮೆ, ಹೊದಿಕೆ ಬೇಕು ಅಂತ ಸರಕಾರದ ಮಾನಕವೇ ಹೇಳುತ್ತದೆ. ಭಾರತೀಯ ಮಾನಕ 456, 2000ನೇ ಇಸವಿಯದು. ಗಾಳಿಗೆ ಮರೆಯಾದ ಒಳಭಾಗಕ್ಕೂ 30 ಮಿಲಿಮೀಟರು. ನನ್ನ ಬೀಮಿನಲ್ಲಿ ಅರ್ಧ ಇಂಚೂ ಇರಲಿಲ್ಲ. ಬಿದ್ದ ಹೆಂಟೆಯನ್ನು ಅಳತೆಪಟ್ಟಿ ಹಿಡಿದು ನಾನೇ ಅಳೆದಿದ್ದೇನೆ.

ನಿಮ್ಮ ಕಣ್ಣೆದುರೇ 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿತ್ತು. ನಲವತ್ತು ವರ್ಷದ ಸೇತುವೆ, ಲಾರಿ ಸಮೇತ ನೀರಿಗೆ ಹೋಯಿತು. ಅದು ಯಾಕೆ ಬಿತ್ತು ಅಂತ ಹೇಳುವ ವಿದ್ಯೆ ನನಗಿಲ್ಲ, ಹೇಳುವುದೂ ಇಲ್ಲ. ಆದರೆ ಸಿಮೆಂಟು ಅಂದರೆ ಶಾಶ್ವತ ಅಂತ ನಂಬಿ ನಲವತ್ತು ವರ್ಷದ ಸಾಲಕ್ಕೆ ಸಹಿ ಹಾಕುವವರು ಒಮ್ಮೆ ಹೊಳೆಯ ಆ ಕಡೆ ತಿರುಗಿ ನೋಡಲಿ.

ಈಗ ಲೆಕ್ಕಕ್ಕೆ ಬರೋಣ. ರೈತನಾದವನು ಮನೆಯ ಲೆಕ್ಕವನ್ನು ರೂಪಾಯಿಯಲ್ಲಿ ಹಾಕಬಾರದು, ಭತ್ತದಲ್ಲಿ ಹಾಕಬೇಕು. 2004-05ರಲ್ಲಿ ಸಾಧಾರಣ ಭತ್ತಕ್ಕೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 560 ರೂಪಾಯಿ. ಮೇಸ್ತ್ರಿಗೆ ನಾನು ಕೊಟ್ಟ ದಿನಗೂಲಿ 175. ಒಂದು ಕ್ವಿಂಟಾಲಿಗೆ ಮೂರು ದಿನದ ಕೆಲಸ ಬರುತ್ತಿತ್ತು, ಮೇಲೆ ಸ್ವಲ್ಪ ಉಳಿಯುತ್ತಿತ್ತು. 2025-26ಕ್ಕೆ ಸಾರಿದ ಬೆಲೆ 2,369. ಮೇಸ್ತ್ರಿಯ ಕೂಲಿ ನಮ್ಮ ಕಡೆ ಸಾವಿರದ ಆಸುಪಾಸು. ಎರಡೂವರೆ ದಿನವೂ ತುಂಬುವುದಿಲ್ಲ. ಸಿಮೆಂಟಿನಲ್ಲಿ ಮಾತ್ರ ನಾವು ಸೋತಿಲ್ಲ, ಸತ್ಯ ಹೇಳಬೇಕು. ಆಗ ಕ್ವಿಂಟಾಲಿಗೆ ಮೂರೂವರೆ ಚೀಲ ಬರುತ್ತಿತ್ತು, ಈಗ ಐದಾರು ಚೀಲ ಬರುತ್ತದೆ. ಅದಕ್ಕೇ ಎಲ್ಲರೂ ಸಿಮೆಂಟು ಸುರಿಯುತ್ತಾರೆ, ಕೈಕೆಲಸ ಕಡಿಮೆ ಮಾಡುತ್ತಾರೆ. ಮೇಲಾಗಿ ನಾನು ಹೇಳಿದ್ದು ಸಾರಿದ ಬೆಲೆ. ಅದನ್ನು ನಮ್ಮ ಅಂಗಳಕ್ಕೆ ತಂದು ಕೊಡುವವರು ಯಾರು? ಗಿರಣಿಯವನು ಹೇಳಿದ್ದೇ ದರ.

ಈಗ ಹತ್ತು ಲಕ್ಷ ಸಾಲ ತೆಗೆದಿರಿ ಅಂತ ಇಟ್ಟುಕೊಳ್ಳಿ. ನೂರಕ್ಕೆ ವರ್ಷಕ್ಕೆ ಒಂಬತ್ತರ ಬಡ್ಡಿ, ಇಪ್ಪತ್ತು ವರ್ಷ. ತಿಂಗಳ ಕಂತು ಒಂಬತ್ತು ಸಾವಿರ. ಒಟ್ಟು ಕಟ್ಟುವುದು ಇಪ್ಪತ್ತೊಂದೂವರೆ ಲಕ್ಷದ ಮೇಲೆ. ವರ್ಷದ ಕಂತು ಒಂದು ಲಕ್ಷದ ಎಂಟು ಸಾವಿರ, ಅಂದರೆ ಬೆಂಬಲ ಬೆಲೆಯೇ ಪೂರ್ತಿ ಸಿಕ್ಕಿತು ಅಂದರೂ ನಲವತ್ತೈದು ಕ್ವಿಂಟಾಲು ಭತ್ತ. ನಮ್ಮ ಗದ್ದೆ ಎಕರೆಗೆ ಹನ್ನೆರಡು ಕ್ವಿಂಟಾಲು ಕೊಡುತ್ತದೆ. ನಾಲ್ಕು ಎಕರೆಯ ಹತ್ತಿರ ಹತ್ತಿರ ಇಡೀ ಬೆಳೆ, ಉಳುಮೆ, ನಾಟಿ, ಗೊಬ್ಬರ, ಕೊಯ್ಲಿನ ಖರ್ಚು ಬಿಡಿ, ಊಟದ ಅಕ್ಕಿಯನ್ನೂ ಬಿಡಿ, ಕಂತಿಗೇ ಹೋಯಿತು. ಇಲ್ಲಿ ಕೂತವರಲ್ಲಿ ನಾಲ್ಕು ಎಕರೆ ಗದ್ದೆ ಇರುವವರು ಕೈ ಎತ್ತಿ ನೋಡುವ. (ಇಬ್ಬರು ಎತ್ತಿದರು.) ಹಾಗಾದರೆ ಉಳಿದವರ ಕಂತು ಕಟ್ಟುವುದು ಗದ್ದೆ ಅಲ್ಲ. ಗೋವೆಯಲ್ಲಿ ಕೆಲಸ ಮಾಡುವ ಮಗ. ಅವನ ಕೆಲಸ ಇರುವ ತನಕ ಮನೆ ನಿಮ್ಮದು.

ಅದಕ್ಕೇ ಹೇಳುವುದು, ಕೈ ಬಿಚ್ಚುವ ಜಾಗ ಬೇರೆ, ಮುಷ್ಟಿ ಹಿಡಿಯುವ ಜಾಗ ಬೇರೆ.

ಮೊದಲ ಖರ್ಚು ಕಾಗದಕ್ಕೆ. ದೇವಬಾಗದವರಿಗೆ ಇದು ಮತ್ತೂ ಮುಖ್ಯ. ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಳಿಯ ಹಿನ್ನೀರು. 1991ರಿಂದ ಕರಾವಳಿ ನಿಯಂತ್ರಣ ವಲಯದ ಕಾನೂನು ಇದೆ, ಕಡಲ ಉಬ್ಬರದ ಗೆರೆಯಿಂದ ಒಳಕ್ಕೆ 500 ಮೀಟರು ಅದರ ಲೆಕ್ಕಕ್ಕೆ ಬರುತ್ತದೆ. 2011ರಲ್ಲಿ, 2019ರಲ್ಲಿ ಅದು ಬದಲಾಗಿದೆ. ಹಳೇ ಮನೆ ಇದ್ದ ಜಾಗದಲ್ಲಿ ಮತ್ತೆ ಕಟ್ಟುವುದಕ್ಕೂ ಹೊಸ ಜಾಗದಲ್ಲಿ ಕಟ್ಟುವುದಕ್ಕೂ ನಿಯಮ ಬೇರೆ. ಪಾಯ ತೋಡಿದ ಮೇಲೆ ಕೇಳುವುದಲ್ಲ. ಪಂಚಾಯತಿಯಲ್ಲಿ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಕಾಗದ ಸರಿ ಇಲ್ಲದ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಬ್ಯಾಂಕು ಕೊಡದಿದ್ದಾಗ ಕೊಡುವವನು ಯಾರು ಅಂತ ನಿಮಗೆ ಗೊತ್ತು. ನೂರಕ್ಕೆ ಮೂರರವನು.

ಆಮೇಲೆ ನೆಲ. ಇಲ್ಲಿಯ ನೆಲ ಉಸುಕು. ಉಸುಕಿನ ಮೇಲೆ ಮನೆ ನಿಲ್ಲುವುದಿಲ್ಲ ಅಂತಲ್ಲ, ನಿಮ್ಮ ಅಜ್ಜಂದಿರ ಮನೆ ನಿಂತಿವೆ. ಉಸುಕು ಪಕ್ಕಕ್ಕೆ ಜಾರದಂತೆ, ನೀರು ಕೊರೆಯದಂತೆ ಪಾಯ ಅಗಲವಾಗಿ ಆಳವಾಗಿ ಇರಬೇಕು. ಒಬ್ಬ ಎಂಜಿನಿಯರನಿಗೆ ಹಣ ಕೊಟ್ಟು ನೆಲ ತೋರಿಸಿ. ಆ ಹಣ ಎರಡು ಕಿಟಕಿಯ ಪರದೆಗೆ ಸಮ. ಪಂಚಾಂಗದ ಎತ್ತರಕ್ಕೆ ಮಾತ್ರ ಎಂಜಿನಿಯರನನ್ನು ಕೇಳಬೇಡಿ, ಊರಿನ ಹಿರಿಯ ಹೆಂಗಸನ್ನು ಕೇಳಿ. ನೀರು ಎಲ್ಲಿಯ ತನಕ ಬಂದಿತ್ತು ಅಂತ ಅವಳು ಕೈ ಇಟ್ಟು ತೋರಿಸುತ್ತಾಳೆ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಹಳ್ಳಿಗಳಲ್ಲಿ ಏನಾಯಿತು ನೋಡಿದ್ದೀರಿ. ಗಂಗಾವಳಿ ಕಡೆ ನಮಗೂ ಅದೇ ವರ್ಷ ನೆರೆ. ನನ್ನ ಒಂದಡಿ ಪಂಚಾಂಗದ ಮನೆಯ ಟೈಲ್ಸಿನ ಮೇಲೆ ಮೊಣಕಾಲು ಕೆಸರು, ಅಪ್ಪನ ಮನೆಯ ಹೊಸ್ತಿಲು ಒಣಗಿತ್ತು. ಗುಡ್ಡದ ಬುಡದಲ್ಲಿ ಜಾಗ ಇರುವವರಿಗೆ ಬೇರೆ ಮಾತು: ಜಾಗ ದೊಡ್ಡದು ಮಾಡಲು ಹಿಂದಿನ ಗುಡ್ಡ ಕಡಿಯಬೇಡಿ. 2009ರಲ್ಲಿ ಕಡವಾಡದಲ್ಲಿ, 2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿದು ಸತ್ತವರನ್ನು ನೆನೆಸಿಕೊಳ್ಳಿ.

ಮಾಡಿನ ವಿಷಯಕ್ಕೆ ಹಣ ಸುರಿಯಿರಿ ಅಂತಲೇ ಹೇಳುತ್ತೇನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಸುರಿಯುವ ಊರಿನಲ್ಲಿ ಚಪ್ಪಟೆ ಮಾಡು ಯಾರ ಬುದ್ಧಿ? ಘಟ್ಟದ ಮೇಲಿನ ಒಣ ಊರಿನವರು ಮಾಳಿಗೆಯ ಮೇಲೆ ಕಾಳು ಒಣಗಿಸುತ್ತಾರೆ, ಅವರಿಗೆ ಸರಿ. ನಮಗೆ ಇಳಿಜಾರು ಬೇಕು, ಗೋಡೆಯಿಂದ ಮೂರಡಿ ಹೊರಗೆ ಚಾಚಿದ ಸೂರು ಬೇಕು. ಗೋಡೆ ನೆನೆಯದಿದ್ದರೆ ಚಿರೇಕಲ್ಲಿಗೆ ಹೊರಗಿನಿಂದ ಸಿಮೆಂಟು ಬಳಿಯುವ ಖರ್ಚೇ ಬೇಡ. ಒಳ್ಳೆಯ ಕಲ್ಲು ಗಾಳಿಗೆ ಗಟ್ಟಿಯಾಗುತ್ತ ಹೋಗುತ್ತದೆ. ಬಿಳಿ ಜೇಡಿ ತುಂಬಿದ ಕಲ್ಲನ್ನು ಮಾತ್ರ ಇಳಿಸುವಾಗಲೇ ತಿರುಗಿ ಕಳಿಸಿ. ಹಂಚಿಗೆ ನೂರು ಚದರ ಅಡಿಗೆ ನೂರೈವತ್ತರ ಲೆಕ್ಕ ಹಿಡಿಯಿರಿ, ಐವತ್ತು ನೂರು ಹೆಚ್ಚಿಗೆ ತಂದಿಡಿ, ಮಂಗ ಒಡೆಯುತ್ತದೆ. ಪಕಾಸು, ರೀಪಿಗೆ ಒಳ್ಳೆಯ ಮರ ಹಾಕಿ. ಸ್ವಂತ ಹಿತ್ತಲ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ಹಂಚು ಬೇಡ, ಸ್ಲ್ಯಾಬೇ ಬೇಕು ಅನ್ನುವವರು ಇಳಿಜಾರಿನ ಸ್ಲ್ಯಾಬು ಹಾಕಿ. ಉಸುಕು ಸಿಹಿನೀರಿನದೋ ಅಂತ ನಾಲಿಗೆಗೆ ಇಟ್ಟು ನೋಡಿ. ಕಬ್ಬಿಣ ಕಟ್ಟಿದ ದಿನ ಮನೆಯವರೊಬ್ಬರು ಅಳತೆಪಟ್ಟಿ ಹಿಡಿದು ನಿಲ್ಲಿ. ಬಾವಿಯಲ್ಲಿ ನೀರು ಇರುವಾಗ, ಅಂದರೆ ಸುಗ್ಗಿ ಮುಗಿದ ಕೂಡಲೇ ಕಾಂಕ್ರೀಟು ಮುಗಿಸಿ. ಇನ್ನೊಂದು ಮಾತು, ಮುಂದೆ ಮಗ ಮಹಡಿ ಕಟ್ಟುತ್ತಾನೆ ಅಂತ ಕಂಬದ ತಲೆಯ ಮೇಲೆ ಕಬ್ಬಿಣದ ಸರಳು ಬಿಡುತ್ತಾರಲ್ಲ, ಅದನ್ನು ಬಿಡಬೇಡಿ. ಮಗ ಬರುವ ಮೊದಲು ತುಕ್ಕು ಬರುತ್ತದೆ, ಸರಳಿನ ಜೊತೆ ಕಂಬದ ಒಳಗೂ ಇಳಿಯುತ್ತದೆ.

ಇನ್ನು ಅಟ್ಟ. ನಾನು ಹೊಸ ಮನೆಯ ನಕ್ಷೆ ತಂದು ತೋರಿಸಿದಾಗ ನಮ್ಮ ಮನೆಯವಳು ಒಂದೇ ಮಾತು ಕೇಳಿದ್ದಳು: "ಭತ್ತ ಎಲ್ಲಿ ಇಡೂದು?" ನಾನು ನಕ್ಕಿದ್ದೆ. ಮೊದಲ ಸುಗ್ಗಿಯಲ್ಲೇ ಉತ್ತರ ಸಿಕ್ಕಿತು. ಹಾಲಿನಲ್ಲಿ ಟೈಲ್ಸಿನ ಮೇಲೆ ಚೀಲ ಒಟ್ಟಿದೆವು, ತೇವಕ್ಕೆ ಅಡಿಯ ಚೀಲ ಮುಗ್ಗಿತು, ಇಲಿ ಬಂತು. ಎಂಟೇ ದಿನದಲ್ಲಿ ಗಿರಣಿಯವನು ಹೇಳಿದ ದರಕ್ಕೆ ಕೊಟ್ಟು ಕೈತೊಳೆದೆ. ಸುಗ್ಗಿಯಲ್ಲಿ ದರ ಯಾವಾಗಲೂ ನೆಲಕ್ಕೆ ಬಿದ್ದಿರುತ್ತದೆ. ನಾಲ್ಕು ತಿಂಗಳು ಇಟ್ಟುಕೊಳ್ಳುವವನಿಗೆ ಮಾತ್ರ ಬೆಲೆ ಕೇಳುವ ಬಾಯಿ ಇರುತ್ತದೆ. ಅಪ್ಪನಿಗೆ ಅಟ್ಟ ಇತ್ತು, ಅವನು ಮಳೆಗಾಲ ಶುರುವಾದ ಮೇಲೆ ಮಾರುತ್ತಿದ್ದ. ನಾನು ಸಭೆಯಲ್ಲಿ ಬೆಲೆಗಾಗಿ ಕೂಗುವವನು, ಮನೆಗೆ ಹೋದರೆ ಭತ್ತ ಇಡಲು ಜಾಗ ಇಲ್ಲ! ಪೋರ್ಟಿಕೋದ ಅರ್ಧ ಹಣದಲ್ಲಿ ಒಳ್ಳೆಯ ಅಟ್ಟ ಆಗುತ್ತಿತ್ತು. ಒಣಗಿಸಲು ಅಂಗಳ ಬಿಡಿ, ಅಂಗಳಕ್ಕೆ ಬಣ್ಣದ ಇಟ್ಟಿಗೆ ಹಾಸಬೇಡಿ.

ತಾಯಂದಿರಿಗೆ ಒಂದು ಮಾತು. ಅಡುಗೆಮನೆಯ ನಕ್ಷೆ ನೀವೇ ಹಾಕಿ. ದಿನದ ಆರು ತಾಸು ಅಲ್ಲಿ ನಿಲ್ಲುವವರು ನೀವು. ಕಟ್ಟೆಯ ಎತ್ತರ ನಿಮ್ಮ ಸೊಂಟಕ್ಕೆ ಸರಿಯಾಗಿ ಇರಲಿ. ಹೊಗೆ ಹೋಗಲು ದಾರಿ ಇರಲಿ. ಗ್ಯಾಸು ಇದ್ದರೂ ಭತ್ತ ಬೇಯಿಸಲು, ನೀರು ಕಾಯಿಸಲು ಹಿತ್ತಲಲ್ಲಿ ಒಲೆ ಬೇಕೇ ಬೇಕು, ಅದಕ್ಕೆ ಮಾಡು ಇರಲಿ. ಪಾಯಖಾನೆಯ ಗುಂಡಿಯನ್ನು ಬಾವಿಯಿಂದ ಕನಿಷ್ಠ ಐವತ್ತು ಅಡಿ ದೂರ ಇಡಿ. ಉಸುಕಿನಲ್ಲಿ ಕೊಳೆನೀರು ಬೇಗ ಸಾಗುತ್ತದೆ. ಇಲ್ಲಿ ಕೆಳಗೆ ಉಪ್ಪುನೀರು, ಅದರ ಮೇಲೆ ತೆಳ್ಳಗೆ ತೇಲುವ ಸಿಹಿನೀರೇ ನಿಮ್ಮ ಬಾವಿ. ಅದು ಕೆಟ್ಟರೆ ಮನೆ ಎಷ್ಟು ಚೆಂದ ಇದ್ದು ಏನು ಪ್ರಯೋಜನ? ವಿದ್ಯುತ್ತಿನ ತಂತಿ, ಅರ್ಥಿಂಗು, ಇದರಲ್ಲಿ ಅಗ್ಗದ್ದು ಬೇಡ.

ಮುಷ್ಟಿ ಹಿಡಿಯುವ ಜಾಗಕ್ಕೆ ಹೆಚ್ಚು ಹೇಳಬೇಕಿಲ್ಲ. ಕಂಬ, ಕಮಾನು, ಪೋರ್ಟಿಕೋ, ಪಾಗಾರ, ಹೊಳೆಯುವ ನೆಲ, ಬಳಸದ ಕೋಣೆ. ನೆಲಕ್ಕೆ ಸಾದಾ ರೆಡ್‌ಆಕ್ಸೈಡು ಸಾಕು, ಮುದುಕರು ಜಾರಿ ಬೀಳುವುದಿಲ್ಲ. ಬಣ್ಣ ಮುಂದಿನ ವರ್ಷ ಬಳಿಯಬಹುದು, ಬಾಗಿಲು ಒಂದೊಂದಾಗಿ ಹಚ್ಚಬಹುದು, ಪಾಯವನ್ನು ಆಮೇಲೆ ಹಾಕಲು ಬರುವುದಿಲ್ಲ. ಐದು ಕೋಣೆ ಬೇಕಾದರೆ ಐದಕ್ಕೂ ಜಾಗ ಬಿಟ್ಟು ಎರಡು ಕಟ್ಟಿ, ಒಳಗೆ ಹೋಗಿ. ಗೃಹಪ್ರವೇಶಕ್ಕೆ ಐವತ್ತು ಎಲೆ ಹಾಕಿ. ಆಡಿಕೊಳ್ಳುವವರು ಆಡಿಕೊಳ್ಳಲಿ, ನೂರಕ್ಕೆ ಮೂರರ ಬಡ್ಡಿ ಅವರು ಕಟ್ಟುವುದಿಲ್ಲ. ಬೆಳೆಸಾಲವನ್ನು ಮಾತ್ರ ಮನೆಗೆ ಮುಟ್ಟಬೇಡಿ. ಹೊತ್ತಿಗೆ ಸರಿಯಾಗಿ ತೀರಿಸಿದವನಿಗೆ ಮಾತ್ರ ಬಡ್ಡಿ ಇಲ್ಲ, ಕಂತು ತಪ್ಪಿದರೆ ಆ ಲಾಭ ಹೋಯಿತು, ಮರುವರ್ಷದ ಗೊಬ್ಬರಕ್ಕೂ ಕೈಗಡವೇ ಗತಿ.

ಮುಂದಿನ ಸಾಲಿನಲ್ಲಿ ಕೂತ ತಮ್ಮ ಆಗಿನಿಂದ ಏನೋ ಕೇಳಬೇಕು ಅಂತಿದ್ದಾನೆ. ಬೀಮು ರಿಪೇರಿ ಮಾಡಿದ್ದೀರಾ ಅಂತ ತಾನೇ? ಇಲ್ಲ. ಮೂರೂವರೆ ಲಕ್ಷ ಕೇಳಿದ್ದಾರೆ. ಎರಡು ಕೋಣೆಗೆ ಬೀಗ ಹಾಕಿ, ಕೆಳಗಿನಿಂದ ಅಡಿಕೆ ಮರದ ಊರುಗೋಲು ಕೊಟ್ಟು ನಿಲ್ಲಿಸಿದ್ದೇನೆ. ಮುಂದಿನ ಬೇಸಿಗೆಯಲ್ಲಿ ಸ್ಲ್ಯಾಬು ತೆಗೆಸಿ ಅದೇ ಗೋಡೆಯ ಮೇಲೆ ಹಂಚು ಹಾಕುವ ವಿಚಾರ ಇದೆ. ಕಲ್ಲಿನ ಗೋಡೆ ಗಟ್ಟಿ ಇವೆ, ಎಂಜಿನಿಯರು ನೋಡಿ ಹೋಗಿದ್ದಾನೆ. ಮನೆ ಕಟ್ಟುವವರು ಯಾರೇ ಬರಲಿ, ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ಬಿದ್ದ ಹೆಂಟೆಯನ್ನು ಎತ್ತಿಟ್ಟಿದ್ದೇನೆ, ತೋರಿಸುತ್ತೇನೆ. ಮೇಸ್ತ್ರಿಯನ್ನೂ ಜೊತೆಗೆ ಕರೆದುಕೊಂಡು ಬನ್ನಿ.